ಯೋನಿ ಮೆಶ್ ಶಸ್ತ್ರಚಿಕಿತ್ಸೆಯ ತೊಡಕುಗಳು

ಯೋನಿ ಮೆಶ್ ಶಸ್ತ್ರಚಿಕಿತ್ಸೆಯು ಮಹಿಳೆಯರಲ್ಲಿ ಮೂತ್ರ ಸೋರುವಿಕೆಯನ್ನು ಹಾಗೂ ಗರ್ಭಕೋಶ, ಮೂತ್ರಕೋಶ ಮೊದಲಾದ ಅಂಗಗಳ ಜಾರುವಿಕೆಯನ್ನು ಸರಿಪಡಿಸಲು ಯೋನಿಯ ಮೂಲಕ ಪ್ಲಾಸ್ಟಿಕ್ ಬಲೆಯನ್ನು ಅಳವಡಿಸುವ ವಿಧಾನವಾಗಿದೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಈ ವಿಧಾನದಿಂದ ಅನೇಕರಿಗೆ ಪರಿಹಾರ ದೊರೆಯಿತು. ಆದರೆ ಸಾವಿರಾರು ಮಹಿಳೆಯರು ದೀರ್ಘಕಾಲದ ನೋವಿಗೆ ತುತ್ತಾದರು. ಅವರಲ್ಲಿ ಹಲವರ ದೂರುಗಳನ್ನು ವೈದ್ಯರು ವರ್ಷಗಟ್ಟಲೆ ನಂಬಲಿಲ್ಲ. ನಂಬದ ದೂರುಗಳು ದಾಖಲಾಗದ ಕಾರಣ ತೊಡಕುಗಳ ನಿಜವಾದ ಪ್ರಮಾಣವೂ ಬಹುಕಾಲ ಬೆಳಕಿಗೆ ಬರಲಿಲ್ಲ.

ಹಿನ್ನೆಲೆ

ಹೆರಿಗೆ, ವಯಸ್ಸು ಮತ್ತು ಮುಟ್ಟು ನಿಂತ ನಂತರದ ಬದಲಾವಣೆಗಳಿಂದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಗೊಳ್ಳಬಹುದು. ಆಗ ಕೆಮ್ಮಿದಾಗ, ಸೀನಿದಾಗ ಅಥವಾ ಭಾರ ಎತ್ತಿದಾಗ ಮೂತ್ರ ಸೋರುತ್ತದೆ. ಕೆಲವರಲ್ಲಿ ಗರ್ಭಕೋಶವು ಕೆಳಗೆ ಜಾರುತ್ತದೆ. ಇವು ಪ್ರಾಣಾಪಾಯದ ಕಾಯಿಲೆಗಳಲ್ಲದಿದ್ದರೂ ದೀರ್ಘಕಾಲ ಕಾಡುವಂಥವು. ಸಂಕೋಚದಿಂದ ಅನೇಕರು ಇವನ್ನು ಯಾರಲ್ಲಿಯೂ ಹೇಳಿಕೊಳ್ಳುವುದಿಲ್ಲ.

1990ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಅವರ ಸಹೋದ್ಯೋಗಿಗಳು ಮೂತ್ರನಾಳದ ಕೆಳಗೆ ಪಾಲಿಪ್ರೊಪಿಲೀನ್ ಪಟ್ಟಿಯನ್ನಿಟ್ಟು ಆಧಾರ ಕೊಡುವ ವಿಧಾನವನ್ನು ರೂಪಿಸಿದರು. ಅಲ್ಪಾವಧಿಯಲ್ಲಿ ಮುಗಿಯುವ, ಬೇಗ ಮನೆಗೆ ಮರಳಬಹುದಾದ ಈ ಶಸ್ತ್ರಚಿಕಿತ್ಸೆ ಶೀಘ್ರವಾಗಿ ಜನಪ್ರಿಯವಾಯಿತು. ಅಂಗಗಳ ಜಾರುವಿಕೆಗೆ ಇದಕ್ಕಿಂತ ದೊಡ್ಡ ಬಲೆಗಳೂ ಬಳಕೆಗೆ ಬಂದವು. ಅಮೆರಿಕದಲ್ಲಿ ಇಂತಹ ಹಲವು ಸಾಧನಗಳಿಗೆ, ಮೊದಲೇ ಮಾರುಕಟ್ಟೆಯಲ್ಲಿದ್ದ ಬಲೆಗಳನ್ನು ಹೋಲುತ್ತವೆ ಎಂಬ ಆಧಾರದ ಮೇಲೆ, ಹೊಸದಾಗಿ ಮಾನವ ಪ್ರಯೋಗಗಳಿಲ್ಲದೆಯೇ ಅನುಮತಿ ದೊರೆಯಿತು. ಇಂಗ್ಲೆಂಡಿನಲ್ಲಿ 2008ರಿಂದ 2017ರವರೆಗಿನ ಅವಧಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಮೂತ್ರ ಸೋರುವಿಕೆಗಾಗಿ ಈ ಪಟ್ಟಿಯನ್ನು ಅಳವಡಿಸಲಾಯಿತು.

ತೊಡಕುಗಳು

ಬಲೆಯು ಯೋನಿಯ ಗೋಡೆಯನ್ನು ಕೊರೆದು ಹೊರಬರುವುದು, ಮೂತ್ರಕೋಶ ಅಥವಾ ಕರುಳಿಗೆ ಗಾಯವಾಗುವುದು, ಮರುಕಳಿಸುವ ಸೋಂಕು, ರಕ್ತಸ್ರಾವ, ತೊಡೆಸಂದು ಹಾಗೂ ಕಾಲುಗಳಲ್ಲಿ ನರಸಂಬಂಧಿ ನೋವು, ಲೈಂಗಿಕ ಕ್ರಿಯೆಯಲ್ಲಿ ತೀವ್ರ ನೋವು ಇವು ಮುಖ್ಯ ತೊಡಕುಗಳಾಗಿವೆ. ಇವು ಶಸ್ತ್ರಚಿಕಿತ್ಸೆಯಾದ ಕೂಡಲೇ ಕಾಣಿಸಿಕೊಳ್ಳಬಹುದು. ಹಲವು ವರ್ಷಗಳ ನಂತರವೂ ತಲೆದೋರಬಹುದು. ತಡವಾಗಿ ಬಂದ ನೋವಿಗೂ ಹಳೆಯ ಶಸ್ತ್ರಚಿಕಿತ್ಸೆಗೂ ಇರುವ ನಂಟು ರೋಗಿಗೂ ವೈದ್ಯರಿಗೂ ಸುಲಭವಾಗಿ ಹೊಳೆಯುವುದಿಲ್ಲ.

ಬಲೆಯ ರಂಧ್ರಗಳೊಳಗೆ ದೇಹದ ಅಂಗಾಂಶ ಬೆಳೆದು ಬೆಸೆದುಕೊಳ್ಳಬೇಕೆಂಬುದೇ ಈ ವಿಧಾನದ ತತ್ತ್ವ. ಅದೇ ಕಾರಣಕ್ಕೆ ಅದನ್ನು ಹೊರತೆಗೆಯುವುದು ಕಷ್ಟ. ಪೂರ್ತಿಯಾಗಿ ತೆಗೆಯಲು ಹಲವು ಶಸ್ತ್ರಚಿಕಿತ್ಸೆಗಳು ಬೇಕಾಗಬಹುದು. ತೆಗೆದ ನಂತರವೂ ನೋವು ಉಳಿಯಬಹುದು, ಮೊದಲಿನ ಮೂತ್ರ ಸೋರುವಿಕೆ ಮರಳಬಹುದು.

ದೂರುಗಳ ಕಡೆಗಣನೆ

ಬ್ರಿಟನ್ ಸರ್ಕಾರದ ಕೋರಿಕೆಯಂತೆ ಜೂಲಿಯಾ ಕಂಬರ್ಲೆಜ್ ಅವರ ನೇತೃತ್ವದಲ್ಲಿ ನಡೆದ ಸ್ವತಂತ್ರ ಪರಿಶೀಲನೆಯ ವರದಿಯು 2020ರ ಜುಲೈನಲ್ಲಿ ಪ್ರಕಟವಾಯಿತು. ಮೆಶ್ ಜೊತೆಗೆ ಪ್ರೈಮೊಡಾಸ್ ಮತ್ತು ಸೋಡಿಯಂ ವ್ಯಾಲ್‌ಪ್ರೊಯೇಟ್ ಎಂಬ ಎರಡು ಔಷಧಗಳಿಂದಾದ ಹಾನಿಯನ್ನೂ ಅದು ಪರಿಶೀಲಿಸಿತ್ತು. ನೋವು ತೋಡಿಕೊಂಡ ಮಹಿಳೆಯರಿಗೆ ಅದು ವಯಸ್ಸಿನ ಸಹಜ ತೊಂದರೆ ಎಂದೋ, ಮುಟ್ಟು ನಿಲ್ಲುವ ಕಾಲದ ಲಕ್ಷಣ ಎಂದೋ, ಮಾನಸಿಕ ಕಾರಣದ್ದೆಂದೋ ಹೇಳಿ ಕಳುಹಿಸಿದ ಸಂಗತಿಗಳು ಪರಿಶೀಲನೆಯ ವೇಳೆ ಹೊರಬಂದವು. ಇಂತಹ ತೊಂದರೆ ಬೇರೆ ಯಾರಿಗೂ ಆಗಿಲ್ಲವೆಂಬ ಮಾತನ್ನು ಕೇಳಿದವರೂ ಇದ್ದರು.

ಈ ಧೋರಣೆಯ ಪರಿಣಾಮವು ರೋಗಿಯ ಮನನೋವಿಗೆ ಸೀಮಿತವಾಗಲಿಲ್ಲ. ವೈದ್ಯರು ತೊಡಕೆಂದು ಒಪ್ಪದ ನೋವನ್ನು ನಿಯಂತ್ರಣ ಸಂಸ್ಥೆಗೆ ವರದಿ ಮಾಡಲಿಲ್ಲ. ವರದಿಯಾಗದ್ದರಿಂದ ತೊಡಕುಗಳು ವಿರಳವೆಂಬ ನಂಬಿಕೆ ಉಳಿಯಿತು. ಆ ನಂಬಿಕೆಯಿಂದಲೇ ಮುಂದಿನ ರೋಗಿಯ ಮಾತನ್ನೂ ಅನುಮಾನಿಸಲಾಯಿತು. ಯಾರಿಗೆ ಯಾವ ಬಲೆಯನ್ನು ಅಳವಡಿಸಲಾಗಿದೆ ಎಂಬ ರಾಷ್ಟ್ರೀಯ ನೋಂದಣಿ ಇಲ್ಲದಿದ್ದುದರಿಂದ ಈ ಸುತ್ತು ಮುರಿಯುವುದು ಇನ್ನಷ್ಟು ಕಷ್ಟವಾಯಿತು.

ಕ್ರಮಗಳು

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ ಮೊದಲ ಎಚ್ಚರಿಕೆ ನೀಡಿತು. ಅಂಗಗಳ ಜಾರುವಿಕೆಗೆ ಬಳಸುವ ಬಲೆಯಿಂದ ಗಂಭೀರ ತೊಡಕುಗಳಾಗುವುದು ವಿರಳವಲ್ಲ ಎಂದು 2011ರಲ್ಲಿ ತಿಳಿಸಿ, 2019ರ ಏಪ್ರಿಲ್‌ನಲ್ಲಿ ಆ ಬಳಕೆಗಾಗಿ ಯೋನಿಯ ಮೂಲಕ ಅಳವಡಿಸುವ ಬಲೆಗಳ ಮಾರಾಟವನ್ನು ನಿಲ್ಲಿಸಲು ಆದೇಶಿಸಿತು. ಸ್ಕಾಟ್ಲೆಂಡಿನಲ್ಲಿ ಬಾಧಿತ ಮಹಿಳೆಯರ ಹೋರಾಟದ ಫಲವಾಗಿ 2014ರಲ್ಲಿ ಈ ಶಸ್ತ್ರಚಿಕಿತ್ಸೆಗಳನ್ನು ಸ್ಥಗಿತಗೊಳಿಸುವಂತೆ ಆರೋಗ್ಯ ಸಚಿವರು ಆರೋಗ್ಯ ಮಂಡಳಿಗಳನ್ನು ಕೋರಿದರು. ಇಂಗ್ಲೆಂಡಿನಲ್ಲಿ ಮೂತ್ರ ಸೋರುವಿಕೆಗಾಗಿ ಮಾಡುವ ಮೆಶ್ ಶಸ್ತ್ರಚಿಕಿತ್ಸೆಗಳಿಗೆ 2018ರ ಜುಲೈನಲ್ಲಿ ತಡೆ ಬಿದ್ದಿತು. ಅದೇ ವರ್ಷ ಆಸ್ಟ್ರೇಲಿಯಾ ಸರ್ಕಾರವು ಬಾಧಿತರ ಕ್ಷಮೆ ಕೋರಿತು.

ಕಂಬರ್ಲೆಜ್ ವರದಿಯ ಶಿಫಾರಸಿನಂತೆ ಇಂಗ್ಲೆಂಡಿನಲ್ಲಿ ರೋಗಿಗಳ ಸುರಕ್ಷತೆಗಾಗಿ ಆಯುಕ್ತರ ಹುದ್ದೆ ಸೃಷ್ಟಿಯಾಗಿ, 2022ರಲ್ಲಿ ಹೆನ್ರಿಯೆಟಾ ಹ್ಯೂಸ್ ಮೊದಲ ಆಯುಕ್ತರಾದರು. ಮೆಶ್‌ನಿಂದ ಬಾಧಿತರಾದವರಿಗೆ ಆರಂಭಿಕ ಪರಿಹಾರವಾಗಿ ತಲಾ 20,000 ಪೌಂಡ್ ನೀಡಬೇಕೆಂದು ಅವರು 2024ರಲ್ಲಿ ಶಿಫಾರಸು ಮಾಡಿದರು.

ರೋಗಿಗಳು ಅನುಸರಿಸುವ ಮಾರ್ಗಗಳು

ತೊಡಕು ಶಂಕಿತವಾದಾಗ ಶಸ್ತ್ರಚಿಕಿತ್ಸೆಯ ದಾಖಲೆಯ ಪ್ರತಿ ಪಡೆಯುವುದು ಮೊದಲ ಹೆಜ್ಜೆ. ಅಳವಡಿಸಿದ ಬಲೆಯ ಹೆಸರು ಮತ್ತು ವಿಧ ತಿಳಿಯದೆ ಮುಂದಿನ ವೈದ್ಯರಿಗೆ ಸರಿಯಾದ ನಿರ್ಧಾರ ಕಷ್ಟ. ನೋವು, ರಕ್ತಸ್ರಾವ, ಸೋಂಕುಗಳನ್ನು ದಿನಾಂಕದೊಡನೆ ಬರೆದಿಡುವುದು, ವೈದ್ಯರ ಭೇಟಿಗೆ ಆಪ್ತರೊಬ್ಬರನ್ನು ಕರೆದೊಯ್ಯುವುದು ಮತ್ತು ಮೊದಲು ಶಸ್ತ್ರಚಿಕಿತ್ಸೆ ಮಾಡದ ಬೇರೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ನೆರವಾಗುತ್ತವೆ. ಸಾಮಾನ್ಯ ಸ್ಕ್ಯಾನ್‌ಗಳಲ್ಲಿ ಬಲೆಯು ಸ್ಪಷ್ಟವಾಗಿ ಕಾಣದಿರಬಹುದು. ಆದ್ದರಿಂದ ವರದಿ ಸಹಜವಾಗಿದೆ ಎಂದ ಮಾತ್ರಕ್ಕೆ ತೊಡಕಿಲ್ಲವೆಂದು ತೀರ್ಮಾನಿಸಲಾಗದು. ಬಲೆಯನ್ನು ತೆಗೆಯುವ ನಿರ್ಧಾರವನ್ನು ಅಂತಹ ಶಸ್ತ್ರಚಿಕಿತ್ಸೆಯಲ್ಲಿ ಅನುಭವವಿರುವ ತಂಡದೊಡನೆ ಚರ್ಚಿಸುವುದು ಅವಶ್ಯಕ.

ಶಸ್ತ್ರಚಿಕಿತ್ಸೆಗೆ ಮೊದಲು ಪರ್ಯಾಯಗಳನ್ನು ತಿಳಿಯುವುದೂ ರೋಗಿಯ ಹಕ್ಕಾಗಿದೆ. ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಅಂಗಗಳಿಗೆ ಆಧಾರ ಕೊಡುವ ಪೆಸರಿ ಉಂಗುರ, ರೋಗಿಯ ಸ್ವಂತ ಅಂಗಾಂಶ ಬಳಸುವ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಸೇರಿವೆ. ರೋಗಿಯು ಮುಖ್ಯವೆಂದು ಭಾವಿಸಬಹುದಾದ ಅಪಾಯಗಳನ್ನೂ ಸೂಕ್ತ ಪರ್ಯಾಯಗಳನ್ನೂ ತಿಳಿಸುವುದು ವೈದ್ಯರ ಕರ್ತವ್ಯವೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮಾಂಟ್‌ಗೊಮರಿ ಪ್ರಕರಣದಲ್ಲಿ ತೀರ್ಪು ನೀಡಿದೆ.