ಉದ್ದ ಸೂಜಿ ಚುಚ್ಚಿದರೆ ಉದ್ದ ಕೂದಲು ಬಂದೀತೆ?

ಬಾಚಣಿಗೆ ತುಂಬ ಕೂದಲು ಕಂಡರೆ ಯಾರಿಗೆ ತಾನೇ ಸಂಕಟವಾಗದು? ಮೆಂತ್ಯ ಅರೆದದ್ದಾಯಿತು, ದಾಸವಾಳದ ಸೊಪ್ಪು ಹಚ್ಚಿದ್ದಾಯಿತು, ಈಗ ಡರ್ಮಾ ರೋಲರ್ ಸರದಿ. ಹಿಡಿಕೆಯ ತುದಿಯಲ್ಲಿ ನೂರಾರು ಪುಟ್ಟ ಸೂಜಿಗಳಿರುವ ಉರುಳೆ ಇದು. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಮೈಸೂರಿಗೇನು, ಪಿರಿಯಾಪಟ್ಟಣದಾಚೆಯ ಹಾರನಹಳ್ಳಿಗೂ ಬಂದೀತು. ಆದರೆ ಎಷ್ಟುದ್ದದ ಸೂಜಿ ಬೇಕು ಅಂತ ಹೇಳುವವರು ಅದರ ಜೊತೆ ಬರುವುದಿಲ್ಲವಲ್ಲ!

ಸೂಜಿ ಮಾಡುವ ಕೆಲಸ ಇಷ್ಟೆ. ನೆತ್ತಿಯ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯ ಮಾಡುತ್ತದೆ. ಗಾಯ ಮಾಯುವಾಗ ಹೊರಡುವ ರಾಸಾಯನಿಕ ಸಂದೇಶಗಳು ಕೂದಲಿನ ಬುಡವನ್ನೂ ಎಚ್ಚರಿಸುತ್ತವೆ. ಹಚ್ಚಿದ ಔಷಧಿಯೂ ಸುಲಭವಾಗಿ ಒಳಗಿಳಿಯುತ್ತದೆ. 'ಉದ್ದ ಸೂಜಿಯಾದರೆ ಬೇರಿಗೇ ತಾಗುತ್ತೆ' ಅನ್ನುವುದು ತಪ್ಪು ಕಲ್ಪನೆ. ಬೇರಿನ ಗೆಡ್ಡೆ ಇರುವುದು ಮೂರು ನಾಲ್ಕು ಮಿಲಿಮೀಟರ್ ಆಳದಲ್ಲಿ. ಅಲ್ಲಿಗೆ ಸೂಜಿ ಮುಟ್ಟುವ ಅಗತ್ಯವೇ ಇಲ್ಲ.

ಹಾಗಾದರೆ ಯಾವ ಅಳತೆ? 0.25 ಮಿ.ಮೀ. ಸೂಜಿ ಮೇಲ್ಪದರದಲ್ಲೇ ಕೆಲಸ ಮಾಡುತ್ತದೆ, ಔಷಧಿ ಹೀರಲಷ್ಟೇ ಸಹಾಯಕ. ಮನೆಯಲ್ಲಿ 0.5 ಮಿ.ಮೀ. ದಾಟುವುದು ಬೇಡ. 1 ಮಿ.ಮೀ. ಮತ್ತು ಅದಕ್ಕಿಂತ ಉದ್ದದ್ದು ರಕ್ತ ಬರಿಸುತ್ತದೆ. ಅದು ಚರ್ಮವೈದ್ಯರ ಕೈಯಲ್ಲೇ ಇರಲಿ.

'1.5 ಮಿ.ಮೀ. ಬಳಸಿದವರಿಗೆ ಕೂದಲು ಬಂದಿದೆಯಲ್ಲ?' ಎಂದು ಕೇಳಬಹುದು. ನಿಜ. 2013ರಲ್ಲಿ ಪ್ರಕಟವಾದ ಮುಂಬೈನ ಅಧ್ಯಯನದಲ್ಲಿ ವಾರಕ್ಕೊಮ್ಮೆ 1.5 ಮಿ.ಮೀ. ರೋಲರ್ ಜೊತೆ ಮಿನಾಕ್ಸಿಡಿಲ್ ಬಳಸಿದವರಿಗೆ, 12 ವಾರಗಳಲ್ಲಿ ನಿಗದಿತ ಜಾಗದಲ್ಲಿ ಸರಾಸರಿ 91 ಕೂದಲು ಹೆಚ್ಚಿತು. ಬರೀ ಮಿನಾಕ್ಸಿಡಿಲ್ ಹಚ್ಚಿದವರಿಗೆ 22. ಆದರೆ ಅವರೆಲ್ಲ ಬೊಕ್ಕತಲೆಯ ಗಂಡಸರು, ನಡೆದದ್ದು ವೈದ್ಯರ ನಿಗಾದಲ್ಲಿ. ಮುಂದೆ ಇರಾನಿನ ಅಧ್ಯಯನವೊಂದರಲ್ಲಿ 0.6 ಮಿ.ಮೀ. ಸೂಜಿ 1.2 ಮಿ.ಮೀ. ಸೂಜಿಗಿಂತ ಹಿಂದೆ ಬೀಳಲಿಲ್ಲ. ಅಂದಮೇಲೆ ನೋವು ಹೆಚ್ಚಾದಷ್ಟೂ ಫಲ ಹೆಚ್ಚು ಅನ್ನುವಂತಿಲ್ಲ.

ಕೊಳ್ಳುವ ಮೊದಲು ಕೂದಲು ಯಾಕೆ ಉದುರುತ್ತಿದೆ ಅಂತ ತಿಳಿಯಿರಿ. ಹೆರಿಗೆ, ಡೆಂಗಿ, ಟೈಫಾಯ್ಡ್ ಆದ ಎರಡು ಮೂರು ತಿಂಗಳಿಗೆ ಉದುರುವ ಕೂದಲು ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ ಇದ್ದರೆ ರಕ್ತಪರೀಕ್ಷೆ ಹೇಳುತ್ತದೆ. ಇವಕ್ಕೆ ಸೂಜಿ ಮದ್ದಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಮೈಸೂರಿಗೆ ಬಂದಾಗ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸಿಕೊಳ್ಳಬಹುದು.

ಮನೆಯಲ್ಲೇ ಮಾಡುವುದಾದರೆ ಇಷ್ಟು ನೆನಪಿರಲಿ:

* ಉದ್ದ ಜಡೆಯವರಿಗೆ ಉರುಳೆಯಲ್ಲಿ ಕೂದಲು ಸುತ್ತಿಕೊಳ್ಳುತ್ತದೆ. ಮೇಲಿಂದ ಒತ್ತುವ ಸ್ಟಾಂಪ್ ಮಾದರಿ ವಾಸಿ. ಬೈತಲೆ ತೆಗೆದು ಹಗುರವಾಗಿ ಒತ್ತಿ.

* ತಲೆ ತೊಳೆದು ಒಣಗಿದ ಮೇಲೆ ಮಾಡಿ. ಸೂಜಿಯನ್ನು ಮೊದಲೂ ಆಮೇಲೂ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಒಣಗಿಸಿ. ಬಿಸಿನೀರು, ಡೆಟ್ಟಾಲ್ ಹಾಕಿ ತೊಳೆದರೆ ಸಾಲದು.

* ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ. ಅವತ್ತು ಎಣ್ಣೆ, ಹೇರ್ ಡೈ, ಮಿನಾಕ್ಸಿಡಿಲ್ ಯಾವುದನ್ನೂ ಹಚ್ಚಬೇಡಿ. ಗರ್ಭಿಣಿಯರು, ಬಾಣಂತಿಯರು ಮಿನಾಕ್ಸಿಡಿಲ್ ಮುಟ್ಟಲೇಬಾರದು.

* ಸೂಜಿ ಮೊಂಡಾದರೆ, ಬಾಗಿದರೆ ಬಿಸಾಡಿ. ಮೊಂಡು ಸೂಜಿ ಚುಚ್ಚುವುದಿಲ್ಲ, ಚರ್ಮ ಹರಿಯುತ್ತದೆ.

* ಅಕ್ಕ-ತಂಗಿ, ಅತ್ತೆ-ಸೊಸೆ ಒಂದೇ ರೋಲರ್ ಹಂಚಿಕೊಳ್ಳುವುದು ಸರ್ವಥಾ ಸಲ್ಲದು. ಹೆಪಟೈಟಿಸ್ ಬಿ, ಸಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು.

ತಲೆಯಲ್ಲಿ ಕುರು, ಹುಳುಕಡ್ಡಿ, ಸೋರಿಯಾಸಿಸ್ ಇರುವವರು, ಗಾಯವಾದರೆ ಗಂಟು ಕಟ್ಟುವ ಮೈಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಈ ಪ್ರಯೋಗ ಮಾಡಲೇಬಾರದು. ಮಾಡಿದ ಮಾರನೇ ದಿನವೂ ಕೆಂಪು, ಊತ ಇಳಿಯದಿದ್ದರೆ, ಕೀವು ಕಂಡರೆ ತಕ್ಷಣ ವೈದ್ಯರ ಬಳಿ ಹೋಗಿ.

ಕೂದಲಿನ ಬೆಳವಣಿಗೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಫಲ ಕಾಣಲು ಮೂರು ನಾಲ್ಕು ತಿಂಗಳಾದರೂ ಬೇಕು. ಅವಸರಕ್ಕೆ ಬಿದ್ದು ಸೂಜಿಯ ಉದ್ದ ಹೆಚ್ಚಿಸಬೇಡಿ. ಕಲೆ ಬಿದ್ದ ಚರ್ಮದಲ್ಲಿ ಕೂದಲು ಹುಟ್ಟುವುದಿಲ್ಲ, ಗೊತ್ತಿರಲಿ.