‘ಕೆಜಿಎಫ್ 2’ ಎಷ್ಟು ದೊಡ್ಡ ಹಿಟ್?

ಕೋರಮಂಡಲ್, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ. ಇದು ಅಸಲಿ ಕೆಜಿಎಫ್, ಅಂದ್ರೆ ಕೋಲಾರದ ಚಿನ್ನದ ಗಣಿ ಪ್ರದೇಶ. ಇಲ್ಲಿನ ಗಣಿ ತ್ಯಾಜ್ಯದ ‘ಸೈನೈಡ್ ಗುಡ್ಡ’ಗಳಲ್ಲಿ ಸೆಟ್ ಹಾಕಿ ಪ್ರಶಾಂತ್ ನೀಲ್ ತೆಗೆದ ಸಿನಿಮಾ ಎಷ್ಟು ಗೆದ್ದಿತು? ವರದಿಗಳ ಪ್ರಕಾರ 2018ರ ಮೊದಲ ಭಾಗ ಸುಮಾರು 250 ಕೋಟಿ, 2022ರ ಎರಡನೆಯದು ಸುಮಾರು 1,200 ಕೋಟಿ ರೂಪಾಯಿ ಗಳಿಸಿತು. ಹತ್ತಿರ ಹತ್ತಿರ ಐದು ಪಟ್ಟು.

ಆದರೆ ಇದು ಗ್ರಾಸ್, ಅಂದ್ರೆ ಟಿಕೆಟ್ ದುಡ್ಡು ಪೂರ್ತಿ. ತೆರಿಗೆ ಕಳೆದರೆ ನೆಟ್. ಮೊದಲ ಭಾಗ ತೆರೆಕಂಡ ಡಿಸೆಂಬರ್ 21ರಂದು ನೂರು ರೂಪಾಯಿ ಮೀರಿದ ಟಿಕೆಟ್‌ಗೆ ಜಿಎಸ್‌ಟಿ ಶೇ 28. ಹನ್ನೊಂದೇ ದಿನಕ್ಕೆ, ಜನವರಿ 1ರಿಂದ, ಅದು ಶೇ 18 ಆಯ್ತು! ಅಂದ್ರೆ ಒಂದೇ ಗ್ರಾಸ್‌ಗೆ ಎರಡು ಬೇರೆ ನೆಟ್. ಥಿಯೇಟರ್ ಪಾಲು ಕಳೆದ ಮೇಲೆ ಉಳಿಯೋದು ಇನ್ನೂ ಕಮ್ಮಿ.

ನನಗೆ ನಿಜವಾದ ಗೆಲುವು ಕಾಣೋದು ಹಿಂದಿ ಆವೃತ್ತಿಯಲ್ಲಿ. ಅದೇ ಭಾಷೆ, ಅದೇ ನೆಟ್ ಲೆಕ್ಕ: ಮೊದಲ ಭಾಗದ ಸುಮಾರು 44 ಕೋಟಿಯಿಂದ ಎರಡನೆಯದರಲ್ಲಿ 430 ಕೋಟಿ ದಾಟಿತು. ಟಿಕೆಟ್ ದರ ಏರಿದ್ದಷ್ಟೇ ಕಾರಣ ಆಗಿದ್ರೆ ಹತ್ತು ಪಟ್ಟು ಆಗ್ತಿರಲಿಲ್ಲ. ಒಂದು ಕನ್ನಡ ಸಿನಿಮಾಗೆ ಇದು ಸಣ್ಣ ಮಾತಲ್ಲ.

ಎಣಿಸಿದ್ದು ಏನು ಅಂತ ವಿಡಿಯೊ ಗೇಮ್‌ನಲ್ಲೂ ಹೀಗೇ ಕೇಳಿ. ಜಿಟಿಎ 5 ಇಪ್ಪತ್ತು ಕೋಟಿಗೂ ಹೆಚ್ಚು ಪ್ರತಿ ಮಾರಿದೆ. ಅದರಲ್ಲಿ 2013ರ ಪೂರ್ತಿ ಬೆಲೆಯ ಪ್ರತಿಯೂ ಇದೆ, ಆಮೇಲಿನ ಡಿಸ್ಕೌಂಟ್ ಪ್ರತಿಯೂ ಇದೆ. ಮೊಬೈಲ್ ಗೇಮ್ ಬಿಜಿಎಂಐ ಡೌನ್‌ಲೋಡ್ ಪುಕ್ಕಟೆ, ದುಡ್ಡು ಬರೋದು ಆಟದ ಒಳಗಿನ ಖರೀದಿಯಿಂದ. ಇವೆರಡನ್ನೂ ಬರೀ ಪ್ರತಿ, ಡೌನ್‌ಲೋಡ್ ಎಣಿಸಿ ಹೋಲಿಸೋಕಾಗಲ್ಲ.