ನೆಲದ ವಿಮಾನ, ಆಕಾಶದ ವಿಮಾನ

ಗಲ್ಫಿಗೆ ಹೋಗಿ ಬರುವವರಿಲ್ಲದ ಮನೆ ನಮ್ಮ ಕಾಸರಗೋಡು ಸೀಮೆಯಲ್ಲಿ ವಿರಳ. ಆದುದರಿಂದ ವಿಮಾನವೆಂಬುದು ನಮಗೆ ಬರಿಯ ಸೋಜಿಗದ ವಸ್ತುವಲ್ಲ. ನಮ್ಮವರ ಪ್ರಾಣವನ್ನು ಹೊತ್ತು ಸಾಗುವ ವಾಹನ. ಅದನ್ನು ನಡೆಸುವವರು ಆ ವಿದ್ಯೆಯನ್ನು ಎಲ್ಲಿ ಕಲಿಯುತ್ತಾರೆ? ನೆಲದ ಮೇಲಿನ ಸಿಮ್ಯುಲೇಟರ್ ಎಂಬ ಕೃತಕ ವಿಮಾನದಲ್ಲೋ, ನಿಜವಾದ ವಿಮಾನದಲ್ಲೋ? ಇದನ್ನು ನಾವು ಸ್ವಲ್ಪ ವಿಚಾರಿಸೋಣ.

ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ವಾದ್ಯಕ್ಕೆ ಗಾಳಿಯೂಡುವ ತಿದಿಗಳನ್ನೇ ಬಳಸಿ, ವಿಮಾನದಂತೆ ವಾಲುವ, ತಿರುಗುವ ಪುಟ್ಟ ಪೆಟ್ಟಿಗೆಯೊಂದನ್ನು ಆತ 1929ರಲ್ಲಿ ರಚಿಸಿದ. ಮೊದಮೊದಲು ಜನ ಅದನ್ನು ಸಂತೆಯ ಆಟಿಕೆಯೆಂದೇ ಬಗೆದರು. 1934ರಲ್ಲಿ ಅಲ್ಲಿನ ಸೈನ್ಯವು ವಿಮಾನದಲ್ಲಿ ಅಂಚೆ ಸಾಗಿಸುವ ಹೊಣೆ ಹೊತ್ತಾಗ, ಮಂಜು ಮುಸುಕಿದ ಚಳಿಗಾಲದ ಹಾರಾಟದ ಅಭ್ಯಾಸ ಸಾಲದೆ ಹತ್ತಕ್ಕೂ ಹೆಚ್ಚು ಮಂದಿ ವೈಮಾನಿಕರು ಮಡಿದರು. ಅದೇ ವರ್ಷ ಸೈನ್ಯವು ಲಿಂಕನ ಆರು ಯಂತ್ರಗಳನ್ನು ಕೊಂಡಿತು. ಆಟಿಕೆಯು ಗುರುವಾಯಿತು.

ಮೋಡದೊಳಗೆ ಹೊಕ್ಕಾಗ ಕಣ್ಣಿಗೆ ದಿಗಂತ ಕಾಣದು. ಆಗ ನಮ್ಮ ಕಿವಿಯೊಳಗಿನ ಸಮತೋಲನದ ಅಂಗವೂ ಮೋಸಮಾಡುತ್ತದೆ. ವಿಮಾನವು ಒಂದೇ ಸಮನೆ ತಿರುಗುತ್ತಿದ್ದರೂ ನೇರವಾಗಿ ಹೋಗುತ್ತಿರುವಂತೆಯೇ ಅನಿಸುತ್ತದೆ. ದೇಹದ ಮಾತನ್ನು ಬಿಟ್ಟು ಮುಂದಿನ ಮುಳ್ಳುಗಳ ಮಾತನ್ನು ನಂಬಬೇಕು. ಮುಳ್ಳುಗಳನ್ನು ಓದುವ ಈ ಅಭ್ಯಾಸಕ್ಕೆ ಸಿಮ್ಯುಲೇಟರ್ ಬಹಳ ಒಳ್ಳೆಯದು. ಎಂಜಿನ್ ನಿಂತಂತೆ, ಬೆಂಕಿ ಹೊತ್ತಿದಂತೆ ಮಾಡಿ ಪರೀಕ್ಷಿಸಬಹುದು. ನಡುವೆ ನಿಲ್ಲಿಸಿ ತಪ್ಪನ್ನು ತಿಳಿಸಬಹುದು. ಒಂದೇ ಪಾಠವನ್ನು ನೂರು ಸಲ ಒಪ್ಪಿಸಿದರೂ ಪ್ರಾಣಭಯವಿಲ್ಲ. ವಿಮಾನದ ಇಂಧನವೂ ಉಳಿಯುತ್ತದೆ.

ಹಾಗಾದರೆ ನಿಜವಾದ ವಿಮಾನವೇಕೆ? ವಿಮಾನವು ಎತ್ತರವನ್ನು ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ಒಳಗಿರುವವನ ಭಾರ ಎರಡರಷ್ಟಾಗುತ್ತದೆ. ನೆಲದ ಯಂತ್ರವು ಓರೆಯಾಗಿ ಚಲನೆಯ ಭ್ರಮೆಯನ್ನು ಹುಟ್ಟಿಸೀತು. ಆ ಭಾರವನ್ನು ಹೊರಿಸಲಾರದು. ಇಳಿಯುವ ಗಳಿಗೆಯಲ್ಲಿ ಅಡ್ಡಗಾಳಿ ಪುಟ್ಟ ವಿಮಾನವನ್ನು ತಳ್ಳುವುದನ್ನು ಕೈಕಾಲುಗಳೇ ಅರಿಯಬೇಕು. ಮೇಲಾಗಿ, ಮನೆಯ ಕಂಪ್ಯೂಟರಿನಲ್ಲಿ ಹಾರಿ ಕಲಿತ ಹುಡುಗರು ಮುಳ್ಳುಗಳನ್ನೇ ದಿಟ್ಟಿಸುತ್ತ, ಹೊರಗೆ ಬೇರೆ ವಿಮಾನ ಬರುತ್ತಿದೆಯೇ ಎಂದು ನೋಡಲು ಮರೆಯುವುದುಂಟು. ನೀರಿಗಿಳಿಯದೆ ಈಜು ಬಾರದು ಎಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ನಮ್ಮ ದೇಶದ ನಿಯಮವೂ ಇದನ್ನೇ ಹೇಳುತ್ತದೆ. ವೃತ್ತಿಪರ ಪೈಲಟ್ ಆಗಲು 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ ಮುಳ್ಳುಗಳನ್ನೇ ನಂಬಿ ನಡೆಸುವ ಅಭ್ಯಾಸ 10 ಗಂಟೆ; ಈ 10ರಲ್ಲಿ ಸಿಮ್ಯುಲೇಟರಿಗೆ ಸಲ್ಲುವುದು ಹೆಚ್ಚೆಂದರೆ 5 ಗಂಟೆ. ಆದರೆ ನುರಿತ ಪೈಲಟ್ ಹೊಸ ಬಗೆಯ ದೊಡ್ಡ ವಿಮಾನಕ್ಕೆ ಬದಲಾಗುವಾಗ ತರಬೇತಿಯ ಬಹುಪಾಲು ಸಿಮ್ಯುಲೇಟರಿನಲ್ಲೇ ನಡೆಯುತ್ತದೆ. ಆಕಾಶದ ಪರಿಚಯ ಅವರಿಗೆ ಆಗಲೇ ಆಗಿರುತ್ತದೆ.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಮಡಿದುದನ್ನು ನಾವು ಮರೆಯಲಾರೆವು. ಅವರಲ್ಲಿ ನಮ್ಮ ಕಡೆಯವರೂ ಅನೇಕರಿದ್ದರು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಲು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಯಲೆಳಸಿದರೆಂದು ತನಿಖೆ ತಿಳಿಸಿತು. ಮತ್ತೆ ಮೇಲೇರುವ ಕ್ರಮವನ್ನು ಸಿಮ್ಯುಲೇಟರಿನಲ್ಲಿ ಬೇಕಾದಷ್ಟು ಸಲ ಅಭ್ಯಸಿಸಬಹುದು. ಆದರೆ ಪಕ್ಕದವರು ಎಚ್ಚರಿಸಿದಾಗ ಕಿವಿಗೊಡುವ ಮನಸ್ಸು ಯಂತ್ರದಿಂದ ಮಾತ್ರವೇ ಬರುವಂಥದಲ್ಲ. ಪೈಲಟ್ ಆಗುವ ಕನಸಿರುವ ಮಕ್ಕಳು ಆ ಒಂದು ಪಾಠವನ್ನು ತರಗತಿಯಲ್ಲಿಯೇ, ಇಂದಿನಿಂದಲೇ ಆರಂಭಿಸಬಹುದು.